ನಿಮ್ಮ ಪೆನ್ನಿ ಲೇಖನ: ಕಣ್ಣು ಎಲ್ಲಿಡಬೇಕೆಂದು ಹೇಳಿ

ಮಾನ್ಯರೇ,

‘ಬ್ರಿಟನ್ನಿನ ಕಂಚಿನ ಪೆನ್ನಿಗಳ ಪ್ರಭೇದಗಳು’ ಎಂಬ ನಿಮ್ಮ ಲೇಖನ ಓದಿದೆವು. ಈಗಿರುವಂತೆ ಪತ್ರಿಕೆಯಲ್ಲಿ ಹಾಕಿಕೊಳ್ಳಲಾಗದು. ಹನ್ನೆರಡು ಪುಟಗಳಲ್ಲಿ ನಾಲ್ಕು ನಾಣ್ಯದ ಹಿಮ್ಮುಖದಲ್ಲಿ ಕೂತ ಬ್ರಿಟಾನಿಯಾ ದೇವಿಯ ಪುರಾಣಕ್ಕೆ, ಮೂರು ಹರಾಜಿನ ಬೆಲೆಗಳಿಗೆ ಹೋಗಿವೆ. ನಾಣ್ಯ ಕೈಯಲ್ಲಿ ಹಿಡಿದು ಕೂತವನಿಗೆ ಏನು ನೋಡಬೇಕೆಂದು ಹೇಳುವ ಸಾಲು ಹತ್ತೂ ಇಲ್ಲ. ಪುರಾಣ, ಬೆಲೆ ಎರಡನ್ನೂ ತೆಗೆಯಿರಿ.

1860ರ ಪೆನ್ನಿಯನ್ನು ಒಂದೇ ವಾಕ್ಯದಲ್ಲಿ ದಾಟಿಸಿದ್ದೀರಿ. ನಮ್ಮ ಮಟ್ಟಿಗೆ ಲೇಖನದ ಜೀವವೇ ಅದು. ಆ ವರ್ಷ ತಾಮ್ರ ಹೋಗಿ ಕಂಚು ಬಂತು: ನೂರರಲ್ಲಿ 95 ಪಾಲು ತಾಮ್ರ, 4 ತವರ, 1 ಸತು. 18.8 ಗ್ರಾಂ ತೂಗುತ್ತಿದ್ದ ಪೆನ್ನಿ 9.45 ಗ್ರಾಂಗೆ ಇಳಿಯಿತು. ಎಲ್ಲವನ್ನೂ ‘ತಾಮ್ರದ ಕಾಸು’ ಎಂದಿದ್ದೀರಿ, ತಕ್ಕಡಿ ಒಪ್ಪುವುದಿಲ್ಲ. ಮೊದಲ ಕಂಚಿನ ಅಚ್ಚುಗಳಲ್ಲಿ ದಂಡೆಯ ಒಳಗೆ ದುಂಡು ಮಣಿಗಳ ಸಾಲಿತ್ತು. ಅದೇ ವರ್ಷ ಅದು ಹೋಗಿ, ದಂಡೆಗೆ ಅಂಟಿಕೊಂಡ ಉದ್ದನೆಯ ಹಲ್ಲುಗಳು ಬಂದವು. ತೊಡಕು ಏನೆಂದರೆ, ಸವೆದಾಗ ಮಣಿ ಚಪ್ಪಟೆಯಾಗಿ ದಂಡೆಗೆ ಕೂಡಿಕೊಂಡು ಹಲ್ಲಿನಂತೆಯೇ ಕಾಣುತ್ತದೆ. ನಾಣ್ಯವನ್ನು ಪೂರ್ತಿ ಸುತ್ತು ತಿರುಗಿಸಿ, ಸವೆತ ಕಡಿಮೆಯಿರುವ ಜಾಗ ಹುಡುಕಿ ನೋಡಬೇಕು. ಎರಡು ಮುಖಗಳನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಒಂದು ಕಡೆ ಮಣಿ, ಇನ್ನೊಂದು ಕಡೆ ಹಲ್ಲು ಇರುವ ಬೆರಕೆ ನಾಣ್ಯಗಳೂ ಇವೆ, ಅವು ಅಪರೂಪ. ಆಮೇಲೆ ವಿಕ್ಟೋರಿಯಾ ರಾಣಿಯ ಭುಜ ಮುಗಿಯುವ ಅಂಚು: ವಿನ್ಯಾಸಕಾರ ಲಿಯೊನಾರ್ಡ್ ಚಾರ್ಲ್ಸ್ ವೈಯನ್ ಅವರ ಸಹಿ ಅಂಚಿನ ಮೇಲಿದೆಯೋ, ಕೆಳಗಿದೆಯೋ, ಇಲ್ಲವೇ ಇಲ್ಲವೋ? ಭುಜವೇ ಸವೆದಿದ್ದರೆ ‘ಸಹಿ ಇಲ್ಲ’ ಎನ್ನುವ ಹಾಗಿಲ್ಲ.

1902ರ ‘ತಗ್ಗಿದ ಕಡಲು’ ನಾಣ್ಯ ಸವೆತದಿಂದ ಆದದ್ದು ಎಂದು ಬರೆದಿದ್ದೀರಿ. ಶುದ್ಧ ತಪ್ಪು. ಸವೆದರೆ ಗೆರೆ ಮಾಸೀತು, ಕೆಳಗಿಳಿಯದು. ಅಲ್ಲಿ ಹಿಮ್ಮುಖದ ಅಚ್ಚೇ ಬೇರೆ. ಬ್ರಿಟಾನಿಯಾಳ ಕಾಲುಗಳು ಒಂದನ್ನೊಂದು ದಾಟುವ ಜಾಗವನ್ನು ಗುರುತು ಮಾಡಿಕೊಳ್ಳಿ. ಸಾಮಾನ್ಯ ನಾಣ್ಯದಲ್ಲಿ ಕಡಲಿನ ಗೆರೆ ಆ ಮಟ್ಟಕ್ಕೆ ಬಂದು ತಾಗುತ್ತದೆ, ಇದರಲ್ಲಿ ಅದಕ್ಕಿಂತ ಕೆಳಗೆ. ಅದೇ ವರ್ಷದ ಅರ್ಧ ಪೆನ್ನಿಯಲ್ಲೂ ಈ ಭೇದ ಇದೆ, ಬಿಟ್ಟಿದ್ದೀರಿ. 1895ರ ಪೆನ್ನಿಯಲ್ಲಿ ಬ್ರಿಟಾನಿಯಾಳ ತ್ರಿಶೂಲಕ್ಕೂ ‘ಪೆನ್ನಿ’ ಪದದ ಮೊದಲ ಅಕ್ಷರಕ್ಕೂ ನಡುವೆ 1 ಮಿಲಿಮೀಟರೋ 2 ಮಿಲಿಮೀಟರೋ ಎಂಬುದು ಪ್ರಶ್ನೆ. 2 ಇರುವುದು ವಿರಳ. ಇದನ್ನು ಸ್ಕೇಲಿನಿಂದ ಅಳೆಯಲಾಗದು, ಜೋಡಿ ಚಿತ್ರ ಬೇಕು.

‘1882ರಲ್ಲಿ ಎಚ್ ಇಲ್ಲದ ಪೆನ್ನಿ ಸಿಕ್ಕರೆ ಅದೃಷ್ಟ’ ಎಂಬ ಸಾಲು ಓದುಗನಿಗೆ ಮೋಸ ಹೋಗಲು ಹೇಳಿಕೊಟ್ಟಂತಿದೆ. ಆ ವರ್ಷ ಲಂಡನ್ ಟಂಕಸಾಲೆ ದುರಸ್ತಿಯಲ್ಲಿತ್ತು. ಪೆನ್ನಿಗಳನ್ನು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆ ಮುದ್ರಿಸಿ ಇಸವಿಯ ಕೆಳಗೆ ‘ಎಚ್’ ಹಾಕಿತು. ಅದಿಲ್ಲದ ಅಸಲಿ ನಾಣ್ಯ ಅತಿ ವಿರಳ. ನೋಡಲು ಸಿಗುವವು ಬಹುಪಾಲು ಸವೆದವು, ಇಲ್ಲವೇ ಅಕ್ಷರ ಉಜ್ಜಿ ಅಳಿಸಿದವು. ದೀಪವನ್ನು ಮೇಲಿಂದ ಬಿಡದೆ ಪಕ್ಕದಿಂದ ತಗ್ಗಿಸಿ ಹಿಡಿದು, ಹತ್ತು ಪಟ್ಟಿನ ಲೆನ್ಸಿನಲ್ಲಿ ಇಸವಿಯ ಕೆಳಗೆ ನೋಡಿದರೆ ಉಜ್ಜಿದ ತಗ್ಗು, ಗೀರು ಕಾಣುತ್ತವೆ. ಹೀಟನ್ನಿನ 1912, 1918, 1919ರ ಪೆನ್ನಿಗಳಲ್ಲಿ ಅದೇ ಅಕ್ಷರ ಇಸವಿಯ ಎಡಕ್ಕಿದೆ. ಅಲ್ಲಿ ಇಸವಿಯ ಕೆಳಗೆ ಹುಡುಕಿದವರು ‘ಎಚ್ ಇಲ್ಲ’ ಎಂದು ಹಿಗ್ಗುವುದುಂಟು.

ಅಚ್ಚಿನೊಳಗೆ ಜಿಡ್ಡು ತುಂಬಿ ಅಕ್ಷರದ ಕಾಲೊಂದು ಮೂಡದೆ ಹೋದರೆ ಅದು ವಿನ್ಯಾಸದ ಪ್ರಭೇದವಲ್ಲ. ಎಂಟನೇ ಪುಟದ ಪಟ್ಟಿಯಿಂದ ಅಂಥವನ್ನು ಕಿತ್ತುಹಾಕಿ. ‘ಫ್ರೀಮನ್ ಸಂಖ್ಯೆ’ ಎಂದರೇನೆಂದು ಒಂದು ಸಾಲು ಸೇರಿಸಿ: ಮೈಕೆಲ್ ಫ್ರೀಮನ್ ಅವರ ವಿಂಗಡಣೆಯಲ್ಲಿ ಮುಮ್ಮುಖದ ಅಚ್ಚಿಗೆ ಅಂಕಿ, ಹಿಮ್ಮುಖದ್ದಕ್ಕೆ ಅಕ್ಷರ, ಪ್ರಭೇದ ಎಂದರೆ ಈ ಎರಡರ ಜೋಡಿ.

ಕೊನೆಗೆ ಹುಣಸೆಹಣ್ಣು. ನಾಣ್ಯವನ್ನು ಹುಣಸೆಹುಳಿಯಲ್ಲಿ ತಿಕ್ಕಿ ಹೊಳೆಸಿಕೊಳ್ಳಿ ಎಂಬ ನಿಮ್ಮ ಸಲಹೆಯನ್ನು ಅಚ್ಚು ಹಾಕಿದರೆ ಸಂಗ್ರಹಕಾರರು ನಮ್ಮನ್ನು ಬಿಡುವುದಿಲ್ಲ! ಹುಳಿ ಮೇಲ್ಪದರವನ್ನೇ ತಿನ್ನುತ್ತದೆ. ಮೊದಲು ಹೋಗುವುದು ನೀವು ಹುಡುಕುತ್ತಿರುವ ಸಣ್ಣ ಗೆರೆಗಳೇ. 1897ರಿಂದ 1918ರವರೆಗಿನ ಫಾರ್ದಿಂಗುಗಳನ್ನಂತೂ (ಕಾಲು ಪೆನ್ನಿ), ಚಿನ್ನದ ಅರ್ಧ ಸಾವರಿನ್ ಎಂದು ದಾಟಿಸಬಾರದೆಂದು, ಟಂಕಸಾಲೆಯೇ ಕಪ್ಪು ಮಾಡಿ ಹೊರಬಿಡುತ್ತಿತ್ತು. ಆ ಕಪ್ಪು ಕೊಳೆಯಲ್ಲ.

ಐದು ಪುಟಕ್ಕೆ ಇಳಿಸಿ, ಪ್ರತಿ ಭೇದಕ್ಕೂ ಪಕ್ಕದ ಬೆಳಕಿನಲ್ಲಿ ತೆಗೆದ ಎರಡೆರಡು ಚಿತ್ರ ಸೇರಿಸಿ ಮತ್ತೆ ಕಳಿಸಿ. 1860ಕ್ಕೇ ಎರಡು ಪುಟ ಹೋದರೂ ಅಡ್ಡಿಯಿಲ್ಲ.

ಸಂಪಾದಕರು