ರಿಪೋರ್ಟ್ ಎಲ್ಲ ನಾರ್ಮಲ್, ಕುರ್ಚಿಯಿಂದ ಏಳಲು ಮಾತ್ರ ಆಗುತ್ತಿಲ್ಲ

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ನ್ಯುಮೋನಿಯಾ ಆಗಿ ಎರಡು ವಾರ ವೆಂಟಿಲೇಟರ್‌ನಲ್ಲಿದ್ದರು. ಮನೆಗೆ ಬಂದು ತಿಂಗಳಾಯಿತು. ಎಕ್ಸ್‌ರೇ, ರಕ್ತಪರೀಕ್ಷೆ ನಾರ್ಮಲ್. ಆದರೂ ಕೈಯೂರದೆ ಕುರ್ಚಿಯಿಂದ ಏಳಲಾರರು. ‘ಮನಸ್ಸು ಮಾಡಿದರೆ ಆಗುತ್ತೆ’ ಅನ್ನುತ್ತಾರೆ ನೆಂಟರು. ಚೇತರಿಕೆಯನ್ನು ಅಳೆಯುವುದು ಹೇಗೆ?
– ಓದುಗರು, ದಾವಣಗೆರೆ

ಉತ್ತರ: ನೆಂಟರ ಮಾತು ಬದಿಗಿಡಿ, ಇದು ಮನಸ್ಸಿನ ಸೋಮಾರಿತನವಲ್ಲ. 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಐಸಿಯು ರೋಗಿಗಳ ತೊಡೆಯ ಮುಂಭಾಗದ ಸ್ನಾಯು ಹತ್ತೇ ದಿನದಲ್ಲಿ ಸರಾಸರಿ ಶೇ 17ಕ್ಕೂ ಹೆಚ್ಚು ಕರಗಿತ್ತು. ಕುರ್ಚಿಯಿಂದ ನಮ್ಮನ್ನು ಮೇಲೆತ್ತುವುದು ಮುಖ್ಯವಾಗಿ ತೊಡೆಯ ಸ್ನಾಯುಗಳೇ. ಎದೆಯ ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ.

ಫಿಸಿಯೋಥೆರಪಿಸ್ಟ್ ಬಳಿ ಹೋದರೆ ಕೈಕಾಲುಗಳ ಹನ್ನೆರಡು ಕಡೆ ಬಲ ನೋಡಿ ಒಟ್ಟು 60ಕ್ಕೆ ಅಂಕ ಕೊಡುತ್ತಾರೆ. 48ಕ್ಕಿಂತ ಕಡಿಮೆ ಬಂದರೆ ಗಣನೀಯ ನಿಶ್ಶಕ್ತಿ ಎಂದರ್ಥ. ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆದರು ಎಂಬುದನ್ನೂ ಅಳೆಯುತ್ತಾರೆ. ಕಾಯಿಲೆಗೆ ಮುಂಚೆ ತಂದೆ ಏನೇನು ಮಾಡುತ್ತಿದ್ದರು ಎಂಬುದನ್ನು ನೀವೇ ಅವರಿಗೆ ಹೇಳಿ. ಅದು ಗೊತ್ತಿಲ್ಲದೆ ಯಾವ ಅಂಕಕ್ಕೂ ಬೆಲೆಯಿಲ್ಲ.

ಮನೆಯಲ್ಲೇ ನೋಡಬಹುದಾದದ್ದು, 30 ಸೆಕೆಂಡಿನಲ್ಲಿ ಎಷ್ಟು ಸಲ ಕೂತು ಏಳುತ್ತಾರೆ ಎಂಬುದು. ಇಲ್ಲೊಂದು ತೊಡಕಿದೆ. ನಿಯಮದ ಪ್ರಕಾರ ಕೈಯೂರಿದರೆ ಅಂಕ ಸೊನ್ನೆ. ಬಲ ಬರುತ್ತಿದ್ದರೂ ವಾರಗಟ್ಟಲೆ ಸೊನ್ನೆಯೇ ಬರೆದುಕೊಂಡರೆ ಯಾರಿಗಾದರೂ ಕೈಚೆಲ್ಲುವಂತಾಗುತ್ತದೆ. ನಾನು ಹೇಳುವುದಿಷ್ಟು: ಜಾರದ ಗಟ್ಟಿ ದಿಂಬು ಹಾಕಿ ಸೀಟು ಎತ್ತರಿಸಿ. ಕೈಯೂರದೆ ಏಳಬಲ್ಲ ಎತ್ತರ ಎಷ್ಟೆಂದು ಟೇಪಿನಲ್ಲಿ ಅಳೆದು ಬರೆದಿಡಿ. ವಾರಕ್ಕೊಮ್ಮೆ ಅದೇ ಕುರ್ಚಿ, ಅದೇ ಹೊತ್ತು. ಎತ್ತರ ಇಳಿಯುತ್ತಾ ಬಂದರೆ ಅದೇ ಸುಧಾರಣೆ. ಮಾಮೂಲಿ ಎತ್ತರಕ್ಕೆ ಬಂದ ಮೇಲೆ ಎಣಿಕೆ ಶುರು ಮಾಡಿ. ಕುರ್ಚಿ ಗೋಡೆಗೆ ಒತ್ತಿರಲಿ, ಪಕ್ಕದಲ್ಲಿ ಒಬ್ಬರಿರಲಿ, ಮೊದಲ ಸಲಕ್ಕೆ ಮುನ್ನ ವೈದ್ಯರನ್ನು ಕೇಳಿ.

ಅವಸರ ಬೇಡ. ತೀವ್ರ ಶ್ವಾಸಕೋಶ ವೈಫಲ್ಯದಿಂದ ಬದುಕುಳಿದವರನ್ನು ಕೆನಡಾದಲ್ಲಿ ಹಿಂಬಾಲಿಸಿದಾಗ, ಒಂದು ವರ್ಷದ ನಂತರವೂ ಆರು ನಿಮಿಷದ ನಡಿಗೆ ನಿರೀಕ್ಷೆಯ ಮೂರನೇ ಎರಡರಷ್ಟೇ ಇತ್ತು (2003ರ ವರದಿ). ಪ್ರೋಟೀನ್ ಎಷ್ಟು ಬೇಕೆಂದು ಆಹಾರತಜ್ಞರನ್ನು ಕೇಳಿ. ಬರೀ ಗಂಜಿಯಿಂದ ಮಾಂಸಖಂಡ ಕಟ್ಟಿಕೊಳ್ಳುವುದಿಲ್ಲ.

ಒಂದೇ ಕಾಲು ಊದಿಕೊಂಡರೆ, ಎದೆನೋವು ಬಂದರೆ, ಕೂತಲ್ಲೇ ಉಸಿರು ಕಟ್ಟಿದರೆ ಅಥವಾ ದೇಹದ ಒಂದು ಪಕ್ಕ ಮಾತ್ರ ಇದ್ದಕ್ಕಿದ್ದಂತೆ ಸೋತರೆ, ಅಳತೆ ಎಲ್ಲ ಬಿಟ್ಟು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.