ಮರದ ಮಾತು: ಹಡಗಿನ ಸಂದಿ, ಹಿಂಬಾಗಿಲ ಸಂದಿ

ಪ್ರಶ್ನೆ: ಆಚಾರ್ರೇ, ನನ್ನ ಮಗ ಸರಕು ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಚೀನಾದ ಫುಜಿಯಾನ್ ಕರಾವಳಿಯಲ್ಲಿ ಈಗಲೂ ಕೈಯಲ್ಲೇ ಮರದ ಹಡಗು ಕಟ್ಟುತ್ತಾರಂತೆ. ಒಂದು ಮೊಳೆಯೂ ಹೊಡೆಯಲ್ಲ ಅಂತಾನೆ. ನಿಜವಾ? ಕಕ್ಕಡ ತಿಂಗಳ ಮಳೆಗೆ ನಮ್ಮ ಹಿಂಬಾಗಿಲ ಸಂದಿಯಲ್ಲೇ ನೀರು ಒಸರುತ್ತದೆ. ಅವರು ಸಮುದ್ರವನ್ನು ಹೇಗೆ ತಡೆಯುತ್ತಾರೆ?
– ಓದುಗರೊಬ್ಬರು, ಸುಂಟಿಕೊಪ್ಪ

ಉತ್ತರ: ಕಟ್ಟುವುದು ನಿಜ ಅಕ್ಕಾ. ಮೊಳೆ ಇಲ್ಲ ಅನ್ನುವುದು ಸರಿಯಲ್ಲ. 1974ರಲ್ಲಿ ಅದೇ ಫುಜಿಯಾನಿನ ಚ್ವಾನ್‌ಝೋ ಕೊಲ್ಲಿಯ ಕೆಸರಿನಿಂದ ಸುಮಾರು 700 ವರ್ಷ ಹಳೆಯ ಹಡಗೊಂದನ್ನು ಅಗೆದು ತೆಗೆದರು. ಉಳಿದ ಭಾಗವೇ 24 ಮೀಟರ್ ಉದ್ದ. ಹಲಗೆಗಳಿಗೆ ಕಚ್ಚು ಮಾಡಿ ಒಂದಕ್ಕೊಂದು ಕೂರಿಸಿದ್ದರು, ಜೊತೆಗೆ ಕಬ್ಬಿಣದ ಮೊಳೆಯನ್ನೂ ಹೊಡೆದಿದ್ದರು.

ಮೊಳೆ ಹಲಗೆಯನ್ನು ಹಿಡಿಯುತ್ತದೆ, ನೀರನ್ನಲ್ಲ. ನೀರು ತಡೆಯುವುದು ಸಂದಿಗೆ ತುಂಬುವ ಮದ್ದು. ಅದರಲ್ಲಿ ಮೂರೇ ಸಾಮಾನು: ಸುಣ್ಣ, ಟಂಗ್ ಮರದ ಬೀಜದ ಎಣ್ಣೆ, ರಾಮಿ ಗಿಡದ ನಾರು. ರಾಮಿ ನಮ್ಮ ತೋಟದ ತುರಿಚೆ ಗಿಡದ ಸಂಬಂಧಿ, ಆದರೆ ಚುಚ್ಚುವುದಿಲ್ಲ. ಆ ಎಣ್ಣೆ ಗಾಳಿಗೆ ತಾನೇ ಗಟ್ಟಿಯಾಗುತ್ತದೆ. ಸುಣ್ಣದ ಜೊತೆ ಅರೆದರೆ ನೀರಿಗೆ ಕರಗದ ಗಾರೆ. ನಾರು ಅದನ್ನು ಬಿರುಕು ಬಿಡದಂತೆ ಹಿಡಿದುಕೊಳ್ಳುತ್ತದೆ. ಉಳಿ, ಕೊಡತಿ ಹಿಡಿದು ಸಂದಿಯುದ್ದಕ್ಕೂ ಬಡಿದು ಬಡಿದು ಇಳಿಸಬೇಕು. ಒಂದು ಗೇಣು ಸಡಿಲ ಬಿಟ್ಟರೂ ಅಲ್ಲಿಂದಲೇ ಸಮುದ್ರ ಒಳಗೆ ಬರುತ್ತದೆ.

ಈ ನಾರಿನ ಬೆಲೆ ನನಗೆ ತಡವಾಗಿ ಗೊತ್ತಾಯಿತು. ಕೆಲಸ ಕಲಿಯುವಾಗ ಒಂದು ಹಳೇ ಐನ್‌ಮನೆಯ ಕಿಟಕಿ ಚೌಕಟ್ಟಿನ ಸಂದಿಗೆ ಸಿಮೆಂಟ್ ಮೆತ್ತಿದ್ದೆ. ಮರ ಮಳೆಗೆ ಉಬ್ಬಿತು, ಬೇಸಿಗೆಗೆ ಕುಗ್ಗಿತು. ಸಿಮೆಂಟ್ ಅಲ್ಲಾಡಲಿಲ್ಲ. ಎರಡನೇ ಮಳೆಗಾಲಕ್ಕೆ ಬೆರಳು ತೂರುವಷ್ಟು ಬಿರುಕು. ಮನೆಯ ಅಜ್ಜಿ ಬೈಯಲಿಲ್ಲ, ಸುಮ್ನೆ ಒಂದು ಬಟ್ಟಲು ತಂದು ಅದರ ಕೆಳಗೆ ಇಟ್ಟರು. ಆ ಬಟ್ಟಲು ಇವತ್ತಿಗೂ ಕಣ್ಣ ಮುಂದಿದೆ.

ಇನ್ನೊಂದು ಜಾಣತನವಿದೆ. ಬಿದಿರು ಸೀಳಿ ನೋಡಿದ್ದೀರಲ್ವಾ? ಒಂದು ಗೆಣ್ಣಿನಲ್ಲಿ ತೂತಾದರೆ ಪಕ್ಕದ ಗೆಣ್ಣಿಗೆ ನೀರು ಹೋಗುವುದಿಲ್ಲ. ಈ ಹಡಗಿನ ಹೊಟ್ಟೆಯೂ ಹಾಗೇ. ಚ್ವಾನ್‌ಝೋದಲ್ಲಿ ಸಿಕ್ಕಿದ್ದರಲ್ಲಿ 12 ಅಡ್ಡಗೋಡೆ, 13 ಕೋಣೆ. ಬಂಡೆ ತಾಗಿ ಒಂದೆರಡು ಕೋಣೆಗೆ ನೀರು ನುಗ್ಗಿದರೂ ಹಡಗು ತೇಲುತ್ತದೆ. ಅದೇ ಗೋಡೆಗಳು ಹಲಗೆಗಳಿಗೆ ಒಳಗಿನಿಂದ ಆಸರೆಯೂ ಹೌದು.

ಕರ್ಪೂರದ ಮರ, ಪೈನ್, ಫರ್, ಇವೇ ಅವರ ಮರಗಳು. ಕಟ್ಟುವಾಗಲೂ ನೀರಿಗೆ ಇಳಿಸುವ ಮೊದಲೂ ಊರಿನವರು ಸೇರಿ ಪೂಜೆ ಮಾಡುತ್ತಾರೆ.

2010ರಲ್ಲಿ ಯುನೆಸ್ಕೋ ಅಡ್ಡಗೋಡೆಯ ಹಡಗು ಕಟ್ಟುವ ಈ ವಿದ್ಯೆಯನ್ನು ತುರ್ತಾಗಿ ಉಳಿಸಬೇಕಾದ ಪಟ್ಟಿಗೆ ಸೇರಿಸಿತು. ಪೂರ್ತಿ ಕೆಲಸ ಬಲ್ಲ ಮೇಸ್ತ್ರಿಗಳು ಆಗ ಮೂರೇ ಜನ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಉಕ್ಕಿನ ಹಡಗು ಬಂತು, ಮರ ದುಬಾರಿಯಾಯಿತು, ಕೆಲಸ ಕೊಡುವವರಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಡುವ ಪುಟ್ಟ ಹಡಗು ಮಾಡಿಸಿದರೆ ಸಾಲದು. ಸಂದಿ ತುಂಬುವ ಕೈಗೆ ನಿಜವಾದ ಸಂದಿಯೇ ಬೇಕು.

ನಿಮ್ಮ ಹಿಂಬಾಗಿಲಿಗೆ: ಮಾರ್ಚ್‌ನಲ್ಲಿ, ಮರ ಚೆನ್ನಾಗಿ ಒಣಗಿದಾಗ, ಚೌಕಟ್ಟಿನ ಸಂದಿಗೆ ಸೆಣಬಿನ ನಾರು ತುರುಕಿ. ಮೇಲೆ ಚಾಕ್ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ನಾದಿ ಮೆತ್ತಿ. ಗಟ್ಟಿಯಾಗಲು ಜಾಸ್ತಿ ದಿನ ಬೇಕು, ಅವಸರ ಮಾಡಬೇಡಿ.

ಪ್ರಶ್ನೆ: ಬೆಟ್ಟದ ನಮ್ಮ ಕೊಡಗಿಗೂ ಹಡಗಿಗೂ ಏನಾದರೂ ನಂಟಿದೆಯಾ?
– ಪಿಯುಸಿ ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ಇದೆಯಮ್ಮಾ. ಬ್ರಿಟಿಷರು ಪೂನ್‌ಸ್ಪಾರ್ ಎನ್ನುತ್ತಿದ್ದ ಸುರಹೊನ್ನೆ ಜಾತಿಯ ಮರ ನಮ್ಮ ಘಟ್ಟದ ಕಾಡಿನದು. ಕೊಂಬೆಯಿಲ್ಲದೆ ನೆಟ್ಟಗೆ ಏರುತ್ತದೆ. ಹಡಗಿನ ಪಟ ಕಟ್ಟುವ ಕೂವೆಮರಕ್ಕೆ ಅದನ್ನೇ ಹುಡುಕಿ ಕಡಿಯುತ್ತಿದ್ದರು. ಚೀನಾದ ಹಡಗುಗಳೂ ನಮಗೆ ದೂರದವಲ್ಲ. 1340ರ ದಶಕದಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಕೋಝಿಕ್ಕೋಡಿನಲ್ಲಿ ಅಂಥ 13 ಹಡಗುಗಳನ್ನು ನೋಡಿದ್ದ. ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದು ಹೊರಟರೆ ಈಗ ಅದೇ ದಿನ ತಲುಪುವ ಊರು.