ನಮ್ಮ ಸಂಘದ ಫೇಸ್‌ಬುಕ್ ಪೇಜ್ ಕಣ್ಣು ಕಾಣದವರಿಗೂ ತಲುಪಬೇಕಾದರೆ ಏನು ಮಾಡಬೇಕು?

ಕಣ್ಣು ಕಾಣದ ಸದಸ್ಯರೊಬ್ಬರು "ನೀವು ಪೇಜಿನಲ್ಲಿ ಏನು ಹಾಕ್ತೀರೋ ನನಗೆ ಗೊತ್ತೇ ಆಗಲ್ಲ" ಅಂದರು ಎಂದು ಬರೆದಿದ್ದೀರಿ. ಇದನ್ನೆಲ್ಲ ಫೇಸ್‌ಬುಕ್‌ನವರೇ ನೋಡಿಕೊಳ್ಳಬೇಕಲ್ವಾ ಎಂದೂ ಕೇಳಿದ್ದೀರಿ. ನನಗೂ ಕಣ್ಣು ಕಾಣುವುದಿಲ್ಲ. ಮೊಬೈಲಿನಲ್ಲಿ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಬಳಸುತ್ತೇನೆ. ಕಂಪನಿಗಳು ಮಾಡಬೇಕಾದ್ದು ಬೇಕಾದಷ್ಟಿದೆ. ಆದರೆ ನಿಮ್ಮ ಸದಸ್ಯರ ತೊಂದರೆಯಲ್ಲಿ ಹೆಚ್ಚಿನದನ್ನು ನೀವೇ ಸರಿಮಾಡಬಹುದು.

ಸ್ಕ್ರೀನ್ ರೀಡರ್ ಟೈಪ್ ಮಾಡಿದ ಅಕ್ಷರಗಳನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ನಮ್ಮಲ್ಲಿ ಮಾತ್ರ ಕಾರ್ಯಕ್ರಮದ ಆಹ್ವಾನ, ಶ್ರದ್ಧಾಂಜಲಿ, ವಚನ, ಶುಭಾಶಯ ಎಲ್ಲವನ್ನೂ ಚಿತ್ರ ಮಾಡಿ ಹಾಕುವ ರೂಢಿ. ನಿಮ್ಮ ಕಣ್ಣಿಗೆ ಅಲ್ಲಿ ಅಕ್ಷರ ಕಾಣುತ್ತದೆ. ಸ್ಕ್ರೀನ್ ರೀಡರಿಗೆ ಅದು ಬರೀ ಫೋಟೋ. ಶ್ರದ್ಧಾಂಜಲಿಯ ಕೆಳಗೆ ಸಾಲು ಸಾಲಾಗಿ "ಓಂ ಶಾಂತಿ" ಎಂಬ ಕಾಮೆಂಟುಗಳು ಕೇಳಿಸುತ್ತವೆ. ತೀರಿಕೊಂಡವರು ಯಾರು ಎಂದು ತಿಳಿಯಲು ನಾನು ಯಾರಿಗಾದರೂ ಫೋನ್ ಮಾಡಬೇಕು. ಅಷ್ಟು ಹತ್ತಿರದವರ ಸುದ್ದಿಯನ್ನು ಹಾಗೆ ಕೇಳಿ ತಿಳಿದುಕೊಳ್ಳುವುದು ತುಂಬಾ ನೋವಾಗುತ್ತದೆ.

ಫೇಸ್‌ಬುಕ್ 2016ರಿಂದ ಫೋಟೋಗಳಿಗೆ ತಾನಾಗಿಯೇ ವಿವರಣೆ ಸೇರಿಸುತ್ತಿದೆ. ಮರ, ಆಕಾಶ, ನಗುತ್ತಿರುವ ಜನ ಎಂದು ತಿಳಿಯಲು ಅದು ಸಾಕು. ನಿಮ್ಮ ಸಭೆ ಯಾವತ್ತು, ಎಲ್ಲಿ ಎಂಬುದಕ್ಕೆ ಅದನ್ನು ನಂಬಿ ಕೂರಬೇಡಿ. ಚಿತ್ರದಿಂದ ಅಕ್ಷರ ಓದುವ ಆ್ಯಪ್‌ಗಳೂ ಇವೆ. ಅಲಂಕಾರದ ಲಿಪಿ, ಹಿಂದೊಂದು ಗೋಪುರದ ಫೋಟೋ ಇದ್ದರೆ ಒತ್ತಕ್ಷರಗಳೆಲ್ಲ ಕಲಸಿಹೋಗುತ್ತವೆ. ಅಲ್ಲದೆ ಪ್ರತಿ ಪೋಸ್ಟಿಗೂ ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಆ್ಯಪಿಗೆ ಕೊಡುತ್ತಾ ಕೂರಲು ಯಾರಿಗೆ ಸಮಯವಿರುತ್ತದೆ?

ಪೋಸ್ಟರ್ ಹಾಕಬೇಡಿ ಎನ್ನುತ್ತಿಲ್ಲ. ಅದರಲ್ಲಿರುವ ದಿನ, ಸಮಯ, ಜಾಗ, ಫೋನ್ ನಂಬರನ್ನು ಪೋಸ್ಟಿನಲ್ಲೂ ಬರೆಯಿರಿ. ಪೋಸ್ಟರ್ ಮಾಡುವವರಿಗೆ ನೀವು ಈ ವಿವರವನ್ನು ಹೇಗೂ ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸಿರುತ್ತೀರಿ. ಅದನ್ನೇ ಕಾಪಿ ಮಾಡಿದರಾಯಿತು. ಪಿಡಿಎಫ್ ಹಂಚುವಾಗ ಇನ್ನೊಂದು ವಿಷಯ ಗಮನಿಸಿ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ರೂಪ ಕೊಟ್ಟ ಫಾಂಟು) ಮಾಡಿದ ಪಿಡಿಎಫ್ ನೋಡುವವರಿಗೆ ಚೆಂದದ ಕನ್ನಡ, ನಮ್ಮ ಕಿವಿಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಯುನಿಕೋಡಿನಲ್ಲೇ ಟೈಪ್ ಮಾಡಿಸಿ. ನನ್ನ ಪ್ರಕಾರ ಕನ್ನಡಿಗರು ಮೊದಲು ಬಿಡಬೇಕಾದ ಅಭ್ಯಾಸ ಆ ಹಳೆಯ ಫಾಂಟಿನದೇ.

ಫೋಟೋ ಹಾಕುವಾಗ ಎಡಿಟ್ ಒತ್ತಿದರೆ ಆಲ್ಟ್ ಟೆಕ್ಸ್ಟ್, ಅಂದರೆ ಸ್ಕ್ರೀನ್ ರೀಡರ್ ಓದಿ ಹೇಳುವ ಫೋಟೋದ ವಿವರಣೆ, ಬರೆಯುವ ಜಾಗ ಸಿಗುತ್ತದೆ. ಇನ್‌ಸ್ಟಾಗ್ರಾಮಿನಲ್ಲೂ 2018ರಿಂದ ಈ ಸೌಲಭ್ಯ ಇದೆ. "ಸಭೆಯ ಫೋಟೋ" ಎಂದರೆ ನನಗೆ ಏನೂ ಸಿಗಲಿಲ್ಲ. "ಹೊಸ ಲೈಬ್ರರಿಯ ಬಾಗಿಲಲ್ಲಿ ಅಧ್ಯಕ್ಷರು ಶಾಲೆಯ ಹುಡುಗಿಯೊಬ್ಬಳಿಗೆ ಪುಸ್ತಕ ಕೊಡುತ್ತಿದ್ದಾರೆ" ಎಂದರೆ ನಾನೂ ಅಲ್ಲಿದ್ದಂತೆ. ಎಲ್ಲವನ್ನೂ ವಿವರಿಸಬೇಕಿಲ್ಲ. ಯಾಕೆ ಈ ಫೋಟೋ ಹಾಕಿದಿರಿ ಎಂಬುದಕ್ಕೆ ಬೇಕಾದಷ್ಟು ಹೇಳಿ. ಸಭೆಯಲ್ಲಿ ಯಾರ ಸೀರೆ ಯಾವ ಬಣ್ಣ ಎಂಬುದು ಬೇಡ. ಸೀರೆ ಅಂಗಡಿಯ ಪೋಸ್ಟ್ ಆದರೆ ಬಣ್ಣವೇ ಮುಖ್ಯ.

ಇಮೋಜಿಗಳನ್ನು ಸ್ಕ್ರೀನ್ ರೀಡರ್ ಹೆಸರು ಹಿಡಿದು ಓದುತ್ತದೆ, ಹಾಗಾಗಿ ವಾಕ್ಯದ ನಡುವೆ ಸುಮ್ನೆ ಸುರಿಯಬೇಡಿ. ಉದ್ದದ ಹ್ಯಾಶ್‌ಟ್ಯಾಗಿನಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ. ರೀಲ್ಸ್‌ನಲ್ಲಿ ಹಾಡು ಮಾತ್ರ ಕೇಳುತ್ತಾ ಮಾಹಿತಿಯೆಲ್ಲ ಅಕ್ಷರದಲ್ಲಿ ಓಡಿದರೆ ನನಗೆ ಉಳಿಯುವುದು ಹಾಡು ಮಾತ್ರ. ಭಾಷಣದ ವಿಡಿಯೋಗೆ ಮಾತನ್ನು ಅಕ್ಷರದಲ್ಲಿ ತೋರಿಸುವ ಕ್ಯಾಪ್ಷನ್ ಇಲ್ಲದಿದ್ದರೆ ಕಿವಿ ಕೇಳದವರಿಗೆ ಬರೀ ತುಟಿ ಆಡುವುದು ಕಾಣುತ್ತದೆ. ಅವರೂ ನಿಮ್ಮ ಪೇಜಿನಲ್ಲಿ ಇರಬಹುದು, ಅಲ್ವಾ?

ಈಗ ಕಂಪನಿಗಳ ವಿಷಯ. ಹೆಸರಿಲ್ಲದ ಬಟನ್, ನೀವು ಮನುಷ್ಯರೇ ಎಂದು ತಿಳಿಯಲು ಚಿತ್ರ ತೋರಿಸಿ ಬಿಡಿಸಲು ಹೇಳುವ ಕ್ಯಾಪ್ಚಾ, ಪ್ರತಿ ಅಪ್‌ಡೇಟಿಗೂ ಜಾಗ ಬದಲಿಸುವ ಮೆನು, ಇವನ್ನು ಸರಿಮಾಡಲು ನಮ್ಮಿಂದಾಗದು. ಅವರ ಒಳ್ಳೆಯತನವನ್ನೇ ನಂಬುವಂತೆಯೂ ಇಲ್ಲ. ಟ್ವಿಟರ್ (ಈಗಿನ ಎಕ್ಸ್) 2020ರ ಜೂನ್‌ನಲ್ಲಿ ಧ್ವನಿ ಟ್ವೀಟ್ ತಂದಾಗ ಕ್ಯಾಪ್ಷನ್ ಇರಲಿಲ್ಲ. ಅಂಗವಿಕಲರು ಗಟ್ಟಿಯಾಗಿ ಆಕ್ಷೇಪಿಸಿದರು. ಅದೇ ವರ್ಷ ಕಂಪನಿಯವರು ಇದಕ್ಕಾಗಿಯೇ ತಂಡಗಳನ್ನು ಕಟ್ಟಿದರು, ನಿಜಕ್ಕೂ ಒಳ್ಳೆಯ ಕೆಲಸ ಆಯಿತು. ಮಾಲೀಕರು ಬದಲಾದ ಮೇಲೆ 2022ರ ನವೆಂಬರ್‌ನಲ್ಲಿ ಆ ತಂಡವನ್ನೇ ಮನೆಗೆ ಕಳಿಸಿದರು. 2023ರಲ್ಲಿ ಹೊರಗಿನವರು ಮಾಡಿದ ಆ್ಯಪ್‌ಗಳನ್ನು ಮುಚ್ಚಿದಾಗ, ಅಂಧರು ಇಷ್ಟಪಟ್ಟು ಬಳಸುತ್ತಿದ್ದ ಸರಳ ಆ್ಯಪ್‌ಗಳೂ ಹೋದವು. ಹಾಗಾಗಿ ಕಾನೂನಿನ ಬಲ ಬೇಕು ಎಂದೇ ನಾನು ಹೇಳುತ್ತೇನೆ. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಡಿಜಿಟಲ್ ಸೇವೆ ಎಲ್ಲರ ಕೈಗೆ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಆ್ಯಪಿನಲ್ಲಿ ತೊಂದರೆ ಕಂಡಾಗ ನಿಮ್ಮಂಥವರೂ ದೂರು ಬರೆಯಿರಿ. ನಾವು ಮಾತ್ರ ಬರೆದರೆ ದನಿ ಸಣ್ಣದಾಗುತ್ತದೆ.

ಒಮ್ಮೆ ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ಟಾಕ್‌ಬ್ಯಾಕ್ ಆನ್ ಮಾಡಿ, ನಿಮ್ಮದೇ ಪೇಜ್ ತೆರೆದು ಕೇಳಿ. ಐಫೋನ್ ಆದರೆ ವಾಯ್ಸ್‌ಓವರ್. ಆನ್ ಆದ ಮೇಲೆ ಏನನ್ನಾದರೂ ತೆರೆಯಲು ಎರಡು ಸಲ ತಟ್ಟಬೇಕು, ಗಾಬರಿಯಾಗಬೇಡಿ. ಮುಂದಿನ ಆಹ್ವಾನ ಹಾಕಿದ ಕೂಡಲೇ ಆ ಸದಸ್ಯರಿಗೆ ಫೋನ್ ಮಾಡಿ, ಪೂರ್ತಿ ಕೇಳಿಸಿತಾ ಎಂದು ವಿಚಾರಿಸಿ. ಏನು ಬಿಟ್ಟುಹೋಗಿದೆ ಎಂದು ಅವರೇ ಹೇಳುತ್ತಾರೆ.